ತಾಳ ತಗೊಳ್ಳಿ, ಹೆಸರು ನುಂಗಬೇಡಿ!



ಅಮೆರಿಕದ ನ್ಯೂಯಾರ್ಕಿನಲ್ಲಿ ಕಾಲೇಜು ಕಲಿಯುವಾಗ ಪರಿಚಯವಾದ ನಾಲ್ವರು ಹುಡುಗರು ಒಂದು ಸಂಗೀತ ತಂಡ ಕಟ್ಟಿದರು. ಆಫ್ರಿಕಾದ ಕುಣಿತದ ಗತ್ತನ್ನು ತಮ್ಮ ಗಿಟಾರಿಗೆ ಇಳಿಸಿಕೊಂಡರು. 2008ರ ಜನವರಿಯಲ್ಲಿ ಮೊದಲ ಆಲ್ಬಂ ಹೊರತಂದು ದೇಶವಿದೇಶಗಳಲ್ಲಿ ಹೆಸರು ಮಾಡಿದರು. 'ಅದಕ್ಕೂ ರೋಣ ತಾಲೂಕಿನ ಅಸೂಟಿಯಲ್ಲಿ ಕೂತು ಲಗ್ನಪತ್ರಿಕೆ ಅಚ್ಚು ಹಾಕುವ ನಿನಗೂ ಏನಪಾ ಸಂಬಂಧ?' ಎಂದು ನೀವು ಕೇಳಬಹುದು. ಕೇಳಲೇಬೇಕು.

ಸಂಬಂಧ ಇದೆ. ಆ ಹುಡುಗರು ಆಫ್ರಿಕಾವನ್ನು ಹುಡುಕಿಕೊಂಡು ಸಾವಿರಾರು ಮೈಲಿ ದೂರಕ್ಕೆ ಕಿವಿ ಚಾಚಿದರು. ನಮಗೆ ಆ ತ್ರಾಸೇ ಇಲ್ಲ. ಹುಬ್ಬಳ್ಳಿ ದಾಟಿ, ಕಲಘಟಗಿ ದಾಟಿ, ಯಲ್ಲಾಪುರದ ಕಾಡಿಗೆ ಹೋದರೆ ಆಫ್ರಿಕಾದ ಮೂಲದ ಜನ ಕನ್ನಡದಲ್ಲೇ 'ಬರ್ರಿ, ಕುಂದರ್ರಿ' ಅನ್ನುತ್ತಾರೆ. ಅವರ ಡಮಾಮಿ ವಾದ್ಯದ ಸದ್ದು ನಮ್ಮ ನಾಡಿನಲ್ಲೇ ಎದ್ದು ನಮ್ಮ ನಾಡಿನಲ್ಲೇ ಇಳಿಯುತ್ತದೆ. ಕೇಳುವವರು ಎಷ್ಟು ಜನ? ಕೇಳಿದ ಮೇಲೆ ಬಾರಿಸಿದವನ ಹೆಸರು ಬರೆದಿಟ್ಟವರು ಎಷ್ಟು ಜನ? ನನ್ನ ತಕರಾರು ಇರುವುದು ಇಲ್ಲೇ.

ಮೊದಲು ಆ ಅಮೆರಿಕದ ಹುಡುಗರ ಕತೆ ಮುಗಿಸುತ್ತೇನೆ. ತಂಡದ ಹೆಸರು ವ್ಯಾಂಪೈರ್ ವೀಕೆಂಡ್, ಆಲ್ಬಮ್ಮಿಗೂ ಅದೇ ಹೆಸರು. ಇಂಥ ಸಂಗೀತಕ್ಕೆ 'ಇಂಡೀ ರಾಕ್' ಎನ್ನುತ್ತಾರೆ. ಅಂದರೆ ದೊಡ್ಡ ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಮನಸ್ಸಿಗೆ ಬಂದಂತೆ ಕಟ್ಟಿದ ರಾಕ್ ಹಾಡು. ಅದರೊಳಗೆ ಗಿಟಾರು ಗದ್ದಲ ಮಾಡುವುದಿಲ್ಲ. ಮೇಲಿನ ಸ್ವರದಲ್ಲಿ, ಒಂದೊಂದೇ ತಂತಿ ಮೀಟುತ್ತ, ಹಳ್ಳದ ನೀರು ಕಲ್ಲಿನ ಮೇಲೆ ಹರಿದ ಹಾಗೆ ಹೋಗುತ್ತದೆ. ಗಿಟಾರನ್ನು ಹೀಗೆ ನುಡಿಸುವ ರೀತಿ ಆಫ್ರಿಕಾದ ಕಾಂಗೋ ಸೀಮೆಯ ಕುಣಿತದ ಹಾಡುಗಳಲ್ಲಿದೆ. ಅಲ್ಲಿನ 'ಕ್ವಾಸಾ ಕ್ವಾಸಾ' ಎಂಬ ಕುಣಿತದ ಹೆಸರನ್ನು ಈ ಹುಡುಗರು ತಮ್ಮ ಒಂದು ಹಾಡಿನ ತಲೆಬರಹದಲ್ಲೇ ಇಟ್ಟರು. ತಮ್ಮ ಸಂಗೀತಕ್ಕೆ ತಾವೇ 'ಅಪ್ಪರ್ ವೆಸ್ಟ್ ಸೈಡ್ ಸೊವೆಟೊ' ಎಂದು ಹೆಸರು ಕೊಟ್ಟುಕೊಂಡರು. ಮೊದಲಿನದು ನ್ಯೂಯಾರ್ಕಿನ ಉಳ್ಳವರ ಬಡಾವಣೆ, ಎರಡನೆಯದು ದಕ್ಷಿಣ ಆಫ್ರಿಕಾದ ಕರಿಯ ಜನರ ಊರು. ಎರಡನ್ನೂ ಒಂದೇ ಗಂಟು ಹಾಕಿದ್ದಕ್ಕೆ ಕೆಲವರು ನಕ್ಕರು, ಕೆಲವರು ಬೈದರು. 'ಉಂಡುಟ್ಟು ಬೆಳೆದ ಹುಡುಗರು ಬಡವರ ತಾಳ ಕದ್ದರು' ಎಂಬ ಮಾತೂ ಬಂತು.

ಕದ್ದರು ಎಂದು ನಾನು ಹೇಳುವುದಿಲ್ಲ. ಎಲ್ಲಿಂದ ತಂದೆವು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಹಾಡಿನ ಹಣೆಯ ಮೇಲೇ ಬರೆದರು. ಆದರೂ ಒಂದು ಕೊರತೆ ಉಳಿಯಿತು. ಕುಣಿತದ ಹೆಸರು ಬಂತು, ಊರಿನ ಹೆಸರು ಬಂತು, ಆ ಮೀಟುವ ಕಲೆ ಕಟ್ಟಿದ ಒಬ್ಬ ಮನುಷ್ಯನ ಹೆಸರೂ ತಲೆಬರಹಕ್ಕೆ ಬರಲಿಲ್ಲ.

ಅವರಿಗಿಂತ ಮೊದಲು, 1986ರಲ್ಲಿ, ಪಾಲ್ ಸೈಮನ್ ಎಂಬ ಅಮೆರಿಕದ ಗಾಯಕ 'ಗ್ರೇಸ್‌ಲ್ಯಾಂಡ್' ಎಂಬ ಆಲ್ಬಂ ಮಾಡಿದ್ದ. ಆತ ದಕ್ಷಿಣ ಆಫ್ರಿಕಾಕ್ಕೇ ಹೋಗಿ, ಅಲ್ಲಿನ ಕಲಾವಿದರನ್ನು ಕೂಡಿಸಿಕೊಂಡು ಧ್ವನಿಮುದ್ರಣ ಮಾಡಿದ. ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ ಎಂಬ ತಂಡ ಅವನ ಸಂಗಡ ಹಾಡಿ ಜಗತ್ತಿಗೆ ಪರಿಚಯವಾಯಿತು. ಆಗ ಅಲ್ಲಿ ವರ್ಣಭೇದದ ಸರ್ಕಾರ ಇತ್ತು. ಆ ದೇಶಕ್ಕೆ ಕಲಾವಿದರು ಹೋಗಬಾರದೆಂಬ ಬಹಿಷ್ಕಾರ ಮುರಿದನೆಂದು ಸೈಮನ್‌ಗೆ ಬೈಗುಳವೂ ಬಿತ್ತು. ಅದು ಬೇರೆ ಜಗಳ. ಹೆಸರಿನ ಲೆಕ್ಕದಲ್ಲಿ ಮಾತ್ರ ಇದು ಒಂದು ಮೆಟ್ಟಿಲು ಮೇಲಿನ ಕೆಲಸ.

ಹೆಸರು ಅಳಿಸಿದರೆ ಏನಾಗುತ್ತದೆ?

ಇನ್ನು ತೀರ ಕೆಳಗಿನ ಮೆಟ್ಟಿಲಿನ ಕತೆ ಕೇಳಿ. ಸೊಲೊಮನ್ ಲಿಂಡಾ ಎಂಬಾತ ದಕ್ಷಿಣ ಆಫ್ರಿಕಾದ ಜುಲು ಜನಾಂಗದ ಗಾಯಕ. 1939ರಲ್ಲಿ 'ಎಂಬುಬೆ' ಎಂಬ ಹಾಡು ಹಾಡಿ ರೆಕಾರ್ಡ್ ಮಾಡಿಸಿದ. ಜುಲು ಭಾಷೆಯಲ್ಲಿ ಹಾಗೆಂದರೆ ಸಿಂಹ. ಆ ಹಾಡಿನ ಹಕ್ಕಿಗೆ ಅವನ ಕೈಗೆ ಬಿದ್ದದ್ದು ಪುಡಿಗಾಸು. ಹಾಡು ಅಮೆರಿಕ ಸೇರಿತು, ಮಾತು ಬದಲಾಯಿತು, ಹೆಸರು ಬದಲಾಯಿತು. 1961ರಲ್ಲಿ 'ದಿ ಲಯನ್ ಸ್ಲೀಪ್ಸ್ ಟುನೈಟ್' ಎಂದು ಹೊಸ ಅವತಾರ ತಾಳಿ ಮನೆಮನೆ ಹೊಕ್ಕಿತು. 1994ರಲ್ಲಿ ಡಿಸ್ನಿ ಕಂಪನಿಯ 'ದಿ ಲಯನ್ ಕಿಂಗ್' ಸಿನಿಮಾದಲ್ಲೂ ಬಂತು. ಲಿಂಡಾ ಮಾತ್ರ 1962ರಲ್ಲೇ ಬಡವನಾಗಿ ಸತ್ತಿದ್ದ. ಅವನ ಮಕ್ಕಳು ಕೋರ್ಟು ಹತ್ತಿದ ಮೇಲೆ, 2006ರಲ್ಲಿ ರಾಜಿಯಾಗಿ ಅವನ ಹೆಸರಿಗೂ ಪಾಲಿಗೂ ಒಂದು ದಾರಿಯಾಯಿತು. 1939 ಎಲ್ಲಿ, 2006 ಎಲ್ಲಿ? ಅರವತ್ತೇಳು ವರ್ಷ!

ಓದುಗರೇ, ಮೊದಲು ಹೋದದ್ದು ಹಣವಲ್ಲ, ಹೆಸರು. ಹೆಸರು ಹೋದ ಮೇಲೆ ಹಣ ಕೇಳುವುದಕ್ಕೆ ಬಾಯಿಯೇ ಇರುವುದಿಲ್ಲ.

ಮುದ್ರಣದ ಕಸುಬಿನವರಿಗೆ ಇದು ಬಲು ಬೇಗ ತಿಳಿಯುತ್ತದೆ. 1867ರ ಹಳೆಯ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಪುಸ್ತಕದ ಮೇಲೆ, ಪತ್ರಿಕೆಯ ಮೇಲೆ ಮುದ್ರಕನ ಹೆಸರು, ಮುದ್ರಣವಾದ ಸ್ಥಳ ಇರಲೇಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2023ರ ಹೊಸ ಕಾಯ್ದೆ ಬಂದಿದೆ. ಆದರೆ ಚುನಾವಣೆಯ ಕರಪತ್ರಕ್ಕೆ ಇಂದಿಗೂ ಬಿಡುವಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಮುದ್ರಕನ ಹೆಸರು, ಪ್ರಕಾಶಕನ ಹೆಸರು, ಇಬ್ಬರ ವಿಳಾಸ ಕೆಳಗೆ ಬರಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೆ 2000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಓಟು ಮುಗಿದ ಮರುದಿನ ಮಿರ್ಚಿ ಭಜಿ ಕಟ್ಟಲು ಹೋಗುವ ಹಾಳೆಗೆ ಇಷ್ಟು ಕಟ್ಟುನಿಟ್ಟು. ನೂರು ವರ್ಷ ಬಾಳುವ ಹಾಡಿಗೆ?

ಹಾಡಿಗೂ ಕಾಯ್ದೆ ಇದೆ. ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಿದ 52ಎ ಕಲಂ ಓದಿ ನೋಡಿ. ಧ್ವನಿಮುದ್ರಣ ಮಾಡಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ, ಇಷ್ಟು ಅದರ ಮೇಲೆ ಇರಬೇಕು. ಬಹಳ ಛಲೋ! ಆದರೆ ಡೊಳ್ಳು ಬಾರಿಸಿದವ? ಹಿಮ್ಮೇಳ ಹಾಡಿದವಳು? ಆ ಧಾಟಿ ಕಲಿಸಿದ ಅಜ್ಜಿ? ಅವರ ಹೆಸರು ಹಾಕಿ ಎಂದು ಆ ಕಲಮು ಹೇಳುವುದಿಲ್ಲ. ಕಂಪನಿಯ ವಿಳಾಸ ಕಡ್ಡಾಯ, ಕಲಾವಿದನ ಹೆಸರು ನಿಮ್ಮ ನಿಮ್ಮ ಮರ್ಜಿ.

ಆ ಮರ್ಜಿ ಹೇಗಿರುತ್ತದೆ ಎಂಬುದನ್ನು ನಾನು ಹುಡುಗನಾಗಿದ್ದಾಗಲೇ ನೋಡಿದ್ದೇನೆ. 1990ರ ದಶಕದಲ್ಲಿ ನಮ್ಮ ತಂದೆಯವರ ಟ್ರೆಡಲ್ ಮಷೀನಿನ ಮೇಲೆ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲುಗಳ ಸಂಗಡ ಕ್ಯಾಸೆಟ್ಟಿನ ಒಳಗಿಡುವ ಹಾಳೆಗಳೂ ಅಚ್ಚಾಗುತ್ತಿದ್ದವು. ಒಂದು ಭಜನಾ ಮೇಳದ ಕ್ಯಾಸೆಟ್ಟು. ಹಾಡಿದವರು, ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಎಲ್ಲ ಸೇರಿ ಹನ್ನೊಂದು ಹೆಸರು ಮೇಳದವರೇ ಬರೆದುಕೊಟ್ಟಿದ್ದರು. ಮೊಳೆ ಜೋಡಿಸಿ ಪ್ರೂಫು ತೆಗೆದಾಗ ಕಂಪನಿಯ ಮನುಷ್ಯ ಬಂದು ಎಂಟು ಹೆಸರಿಗೆ ಗೀಟು ಎಳೆದ. 'ಜಾಗ ಇಲ್ಲ' ಅಂದ. ಅದೇ ಹಾಳೆಯಲ್ಲಿ ಕಂಪನಿಯ ಬೇರೆ ಹನ್ನೆರಡು ಕ್ಯಾಸೆಟ್ಟುಗಳ ಜಾಹೀರಾತಿಗೆ ಜಾಗ ಇತ್ತು!

ಈಗ ಆ ನೆಪವೂ ಉಳಿದಿಲ್ಲ. ಕ್ಯಾಸೆಟ್ಟು ಹೋಯಿತು, ಸೀಡಿ ಹೋಯಿತು, ಹಾಡೆಲ್ಲ ಮೊಬೈಲಿಗೆ ಬಂತು. ವಿಡಿಯೋ ಕೆಳಗೆ ಬರೆಯಲು ಕಾಗದ ಬೇಡ, ಮಸಿ ಬೇಡ, ಮೊಳೆ ಬೇಡ. ಹನ್ನೊಂದಲ್ಲ, ನೂರಾ ಹನ್ನೊಂದು ಹೆಸರು ಹಿಡಿಸುತ್ತವೆ. ಆದರೂ ಅಲ್ಲಿ ಕಾಣುವುದೇನು? 'ಸಾಹಿತ್ಯ: ಜಾನಪದ. ಸಂಗೀತ: ಜಾನಪದ.' ಯಾರ್ರೀ ಈ ಜಾನಪದ? ಯಾವ ಊರಿನವರು? ರೇಷನ್ ಕಾರ್ಡು ಇದೆಯೇ ಅವರಿಗೆ?

ಮೆಣಸಿನಕಾಯಿಗೆ ಮರ್ಯಾದೆ, ಮನುಷ್ಯರಿಗೆ?

ಇನ್ನು ನಮ್ಮ ಸಿದ್ದಿಗಳ ವಿಷಯಕ್ಕೆ ಬರುತ್ತೇನೆ. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಜನರನ್ನು ಗುಲಾಮರನ್ನಾಗಿ ಹಿಡಿದು ಗೋವೆಗೆ ತಂದರು. ಹೊಡೆತ ತಾಳಲಾರದೆ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿ ಇವತ್ತಿಗೂ ಅವರ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಕನ್ನಡವನ್ನೂ ಆಡುತ್ತಾರೆ, ಕೊಂಕಣಿಯನ್ನೂ ಆಡುತ್ತಾರೆ. ಮೂರೂ ಧರ್ಮದವರನ್ನು ಒಂದೇ ಅಂಗಳದಲ್ಲಿ ಕುಣಿಸುವುದು ಆ ಡಮಾಮಿ.

ಅದೇ ಪೋರ್ಚುಗೀಸರು ತಮ್ಮ ಹಡಗಿನಲ್ಲಿ ಇನ್ನೊಂದು ಪದಾರ್ಥವನ್ನೂ ತಂದರು. ಅದು ಮೆಣಸಿನಕಾಯಿ. ಮೂಲ ಅಮೆರಿಕ ಖಂಡದ್ದು. ಅದನ್ನು ನಾವು ನಮ್ಮ ಎರಿ ಹೊಲದಲ್ಲಿ ಬೆಳೆದೆವು, ಬ್ಯಾಡಗಿ ಎಂದು ಹೆಸರಿಟ್ಟೆವು. ಖಾರ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ ಎಂಬಷ್ಟು ನಮ್ಮದು ಮಾಡಿಕೊಂಡೆವು. ಹಡಗಿನಲ್ಲಿ ಬಂದ ಕಾಯಿ ನಮ್ಮ ತಾಟಿಗೆ ಬಂತು, ಹಡಗಿನಲ್ಲಿ ಬಂದ ಮನುಷ್ಯರು ಕಾಡಿನಲ್ಲೇ ಉಳಿದರು! ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ನಾನೂರು ವರ್ಷಕ್ಕೂ ಹಿಂದೆ ಬಂದವರಿಗೆ ಬಾಗಿಲು ತೆರೆಯಲು ಇಷ್ಟು ತಡ.

ಕಲೆಯವರು ಮಾತ್ರ ಸರ್ಕಾರಕ್ಕಿಂತ ಮುಂಚೆ ಬಾಗಿಲು ಬಡಿದರು ಎಂಬುದು ಸಮಾಧಾನ. ಹೆಗ್ಗೋಡಿನ ನೀನಾಸಂ ಬಳಗದವರು 1980ರ ದಶಕದಲ್ಲೇ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳೊಡನೆ ನಾಟಕ ಕಟ್ಟಿದರು. ನೈಜೀರಿಯಾದ ಚಿನುವಾ ಅಚಿಬೆಯವರ ಪ್ರಸಿದ್ಧ ಕಾದಂಬರಿಯನ್ನು 'ಕಪ್ಪು ಜನ ಕೆಂಪು ನೆರಳು' ಎಂಬ ಹೆಸರಿನಲ್ಲಿ ಚಿದಂಬರರಾವ್ ಜಂಬೆಯವರು ಆಡಿಸಿದರು. ಆಫ್ರಿಕಾದ ಕತೆ, ಆಫ್ರಿಕಾದ ಮೂಲದ ನಟರು, ಮಾತು ಕನ್ನಡದ್ದು! ಇದಕ್ಕಿಂತ ದೊಡ್ಡ ಕನ್ನಡದ ಕೆಲಸ ಯಾವುದಿದೆ ಹೇಳಿ?

ಹಾಡಿನ ಲೋಕದಲ್ಲಿ ಆ ದಿನ ಬರಲು 2021 ಆಗಬೇಕಾಯಿತು. ದುನಿಯಾ ವಿಜಯ್ ಅವರ 'ಸಲಗ' ಸಿನಿಮಾದಲ್ಲಿ ಚರಣ್ ರಾಜ್ ಅವರ ಸಂಗೀತದ 'ಟಿಣಿಂಗ ಮಿಣಿಂಗ ಟಿಶ್ಯಾ' ಹಾಡನ್ನು ನೀವು ಕೇಳದೇ ಇರಲಿಕ್ಕಿಲ್ಲ. ಅದರಲ್ಲಿ ಸಿದ್ದಿ ಸಮುದಾಯದ ಕಲಾವಿದರೇ ಹಾಡಿದರು, ಕುಣಿದರು. ಗಾಯಕರ ಸಾಲಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಎಂಬ ಹೆಸರುಗಳು ಅಚ್ಚಾದವು. 'ಹಿಮ್ಮೇಳ: ಸಿದ್ದಿ ಜನಾಂಗ' ಎಂದು ಬರೆದು ಕೈ ತೊಳೆದುಕೊಳ್ಳಲಿಲ್ಲ. ವ್ಯಕ್ತಿಯ ಹೆಸರು ಹಾಕಿದರು. ಹಾಡು ಮನೆಮಾತಾಯಿತು. ಹೆಸರು ಹಾಕಿದ್ದಕ್ಕೆ ಹಾಡಿನ ತೂಕವೇನೂ ಕಡಿಮೆಯಾಗಲಿಲ್ಲವಲ್ಲ?

ಆದರೆ ಅದು ಸಿನಿಮಾದ ಒಂದು ಹಾಡು. ಡಮಾಮಿಯನ್ನೇ ನಡುವೆ ಇಟ್ಟುಕೊಂಡು, ಸಿದ್ದಿ ಹುಡುಗ ಹುಡುಗಿಯರೇ ಯಜಮಾನರಾಗಿ, ಒಂದು ಪೂರ್ತಿ ಕನ್ನಡ ಆಲ್ಬಂ ಮಾಡಿ ಊರೂರಿಗೆ ಮುಟ್ಟಿಸಿದರೆ ಹೇಗಿರುತ್ತದೆ ಯೋಚಿಸಿ. ಬೆಂಗಳೂರಿನಲ್ಲಿ ಎಷ್ಟು ರಾಕ್ ತಂಡಗಳಿವೆ! ನ್ಯೂಯಾರ್ಕಿನವರಿಗೆ ಕೇಳಿಸಿದ ಆಫ್ರಿಕಾ ಬೆಂಗಳೂರಿನವರಿಗೆ ಯಲ್ಲಾಪುರದಿಂದ ಕೇಳಿಸುವುದಿಲ್ಲವೇ?

ರಾಕ್ ಬಂದರೆ ಕನ್ನಡ ಕೆಡುತ್ತದೆಯೇ?

ನಮ್ಮ ಕನ್ನಡದ ಗೆಳೆಯರಲ್ಲೇ ಕೆಲವರು ಮೂಗು ಮುರಿಯುವುದು ನನಗೆ ಗೊತ್ತು. 'ರಾಕ್ ಎಂದರೆ ಪರದೇಶದ ಗಲಾಟೆ, ಅದು ಬಂದರೆ ನಮ್ಮದು ಕೆಟ್ಟು ಹೋಗುತ್ತದೆ' ಎಂಬುದು ಅವರ ವಾದ. ಅವರಿಗೆ ಕೈಮುಗಿದು ಎರಡು ಮಾತು ಹೇಳುತ್ತೇನೆ.

ಒಂದು, ನಮ್ಮ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರನ್ನು ನೋಡಿ. ಹುಡುಗನಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಾಫೋನ್ ಪ್ಲೇಟು ಕೇಳಿ ಮರುಳಾಗಿ, 11ನೇ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟರು. ಆ ಗಾಯನದ ಮನೆತನದ ಹೆಸರು ಕಿರಾಣಾ, ಅದು ಉತ್ತರ ಪ್ರದೇಶದ ಒಂದು ಊರು. ಆ ವಿದ್ಯೆ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ ಬಂತು, ಅವರಿಂದ ಭೀಮಸೇನರಿಗೆ, ಗಂಗೂಬಾಯಿ ಹಾನಗಲ್ಲರಿಗೆ ಬಂತು. 2008ರಲ್ಲಿ ಭೀಮಸೇನರಿಗೆ ಭಾರತರತ್ನ ಘೋಷಣೆಯಾಯಿತು. ಪರಸ್ಥಳದ ವಿದ್ಯೆಯಿಂದ ನಮ್ಮ ಸೀಮೆ ಕೆಟ್ಟಿತೇ, ಬೆಳಗಿತೇ? ಮತ್ತೊಂದು ಗಮನಿಸಿ. ಆ ಪರಂಪರೆಯವರು ಗುರುವಿನ ಹೆಸರು ಎತ್ತುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ತಗೊಂಡದ್ದನ್ನು ಹೇಳಿ ತಗೊಳ್ಳುವ ರೀತಿ ಅದು. ನಮ್ಮ ಭಜನೆಯ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಅದನ್ನು ಎತ್ತಿ ಹೊರಗಿಟ್ಟರೆ ಶ್ರಾವಣದ ಸೋಮವಾರ ಭಜನೆ ಹೇಗೆ ಮಾಡುತ್ತೀರಿ?

ಎರಡು, ರಾಕ್ ಎಂಬುದರ ಬೇರು ಎಲ್ಲಿದೆ? ಆಫ್ರಿಕಾದಿಂದ ಅಮೆರಿಕಕ್ಕೆ ಗುಲಾಮರಾಗಿ ಹೋದವರ ಮಕ್ಕಳು ಮೊಮ್ಮಕ್ಕಳು ಹತ್ತಿ ಬಿಡಿಸುವ ಸೀಮೆಯಲ್ಲಿ ಕಟ್ಟಿದ ಬ್ಲೂಸ್ ಹಾಡುಗಳಲ್ಲಿದೆ. ಅಂದರೆ ರಾಕ್ ಗಿಟಾರೂ ಸಿದ್ದಿಗಳ ಡಮಾಮಿಯೂ ದೂರದ ದಾಯಾದಿಗಳು. ಒಂದು ಹಡಗು ಪಶ್ಚಿಮಕ್ಕೆ ಹೋಯಿತು, ಒಂದು ಪೂರ್ವಕ್ಕೆ ಬಂತು. ಅಗಲಿದವರು ಕನ್ನಡದಲ್ಲಿ ಕೂಡಿದರೆ ನಮಗೇನು ನಷ್ಟ?

ಕೂಡಿಸಿ ತೋರಿಸಿದ ಉದಾಹರಣೆಯೂ ಇದೆ. ವ್ಯಾಂಪೈರ್ ವೀಕೆಂಡ್ ಬಂದ ಅದೇ 2008ರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂ ತಂದರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಸಂಗಡ ನಮ್ಮ ಶಿಶುನಾಳ ಶರೀಫರ ತತ್ವಪದಗಳೂ ಗಿಟಾರಿನ ಮೇಲೆ ಬಂದವು. ಶರೀಫರು 1819ರಿಂದ 1889ರವರೆಗೆ ಬದುಕಿದವರು. ಮುಸಲ್ಮಾನ ಶಿಷ್ಯ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರು. 1990ರಲ್ಲಿ ನಾಗಾಭರಣರ ಸಿನಿಮಾ ಹಾಗೂ ಸಿ. ಅಶ್ವತ್ಥರ ದನಿಯಿಂದ ಶರೀಫರು ಮನೆಮನೆಗೆ ಬಂದರು. ರಘು ದೀಕ್ಷಿತರಿಂದ ಪ್ಯಾಂಟು ತೊಟ್ಟ ಕಾಲೇಜು ಹುಡುಗರ ಬಾಯಿಗೂ ಬಂದರು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ಟೀವಿಯಲ್ಲೂ ದೀಕ್ಷಿತರ ತಂಡ ಹಾಡಿತು. ಅಲ್ಲಿಯ ಜನ ಅರ್ಥವಾಗದಿದ್ದರೂ ತಲೆದೂಗಿದರು. ಕನ್ನಡ ಕೆಡಲಿಲ್ಲ ಸ್ವಾಮಿ, ಕನ್ನಡ ವಿಮಾನ ಹತ್ತಿತು.

ಇಲ್ಲಿಯೂ ನೋಡಿ. ಶರೀಫರ ಹೆಸರು ಅಳಿಯಲಿಲ್ಲ. ಯಾಕೆಂದರೆ ಪದದ ಕೊನೆಗೆ ಅವರ ಅಂಕಿತ ಇದೆ. ನಮ್ಮ ಶರಣರು, ದಾಸರು, ತತ್ವಪದದವರು ಎಷ್ಟು ಜಾಣರಿದ್ದರು! ಗುರುತನ್ನು ಹಾಡಿನೊಳಗೇ ಹೆಣೆದಿಟ್ಟರು. ಹೊಲ ಕುಯ್ಯುವಾಗ, ಬೀಸುವಾಗ, ಕುಟ್ಟುವಾಗ, ಡಮಾಮಿಯ ಮುಂದೆ ಕುಣಿಯುವಾಗ ಹಾಡಿದವರಿಗೆ ಆ ಅಂಕಿತ ಇಲ್ಲ. ಅವರ ಅಂಕಿತವನ್ನು ನಾವು ಹಾಕಬೇಕು.

ಹಾಗಾದರೆ ಮಾಡಬೇಕಾದ್ದೇನು?

'ಜಾನಪದ ಎಲ್ಲರದು, ಯಾರ ಹೆಸರಂತ ಹಾಕೋದು?' ಎನ್ನುವವರಿಗೆ ಒಂದೇ ಮಾತು. ಜೋಳದ ಬೀಜ ಮೊದಲು ಬಿತ್ತಿದವ ಯಾರೋ ಯಾರಿಗೂ ಗೊತ್ತಿಲ್ಲ. ಹಾಗಂತ ಸಂತೆಯಲ್ಲಿ ಜೋಳವನ್ನು ಪುಕ್ಕಟೆ ಎತ್ತಿಕೊಂಡು ಹೋಗುತ್ತೀರೇನು? ಹೊಲದಿಂದ ತಂದವನ ಕೈಗೆ ರೊಕ್ಕ ಕೊಡುತ್ತೀರಿ. ಹಾಡಿಗೂ ಅದೇ ನ್ಯಾಯ. ಕಟ್ಟಿದವರು ಗೊತ್ತಿಲ್ಲದಿದ್ದರೆ ಹಾಡಿಕೊಟ್ಟವರು ಗೊತ್ತಲ್ಲ? ಅವರ ಹೆಸರು ಹಾಕಿ, ಅವರ ಊರಿನ ಹೆಸರು ಹಾಕಿ, ಅವರು ಯಾರಿಂದ ಕಲಿತರೋ ಅವರ ಹೆಸರೂ ಹಾಕಿ.

ಧ್ವನಿಮುದ್ರಣ ಮಾಡುವವರು ಕಲಾವಿದರಿಂದ ಸಹಿ ಮಾಡಿಸಿಕೊಳ್ಳುವ ಕರಾರು ಕನ್ನಡದಲ್ಲಿರಲಿ. ಇಂಗ್ಲಿಷಿನ ಹತ್ತು ಪುಟ ಮುಂದಿಟ್ಟು 'ಇಲ್ಲೊಂದು ಸಹಿ ಮಾಡಬೇ' ಎಂದು ಅವ್ವನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ವ್ಯವಹಾರವಲ್ಲ, ಮೋಸ. ಓದಲಾಗದ ಭಾಷೆಯ ಕಾಗದಕ್ಕೆ ಒಪ್ಪಿಗೆ ಎಂಬ ಮಾತೇ ಹೊಂದುವುದಿಲ್ಲ. ಕನ್ನಡದ ಹಕ್ಕು ಎಂದರೆ ಅಂಗಡಿಯ ಬೋರ್ಡು ಒಂದೇ ಅಲ್ಲ, ಹಾಡುವವಳ ಕೈಯ ಕಾಗದವೂ ಹೌದು.

ಶಿಗ್ಗಾಂವ ತಾಲೂಕಿನ ಗೊಟಗೋಡಿಯಲ್ಲಿ ನಮ್ಮದೇ ಜಾನಪದ ವಿಶ್ವವಿದ್ಯಾಲಯ ಇದೆ. ಶರೀಫರ ಶಿಶುನಾಳ ಇರುವುದೂ ಅದೇ ತಾಲೂಕಿನಲ್ಲಿ. ಯಾವ ಹಾಡು, ಯಾವ ಊರು, ಯಾರು ಹಾಡಿದ್ದು, ಯಾವ ದಿನ ಎಂದು ಬರೆದಿಡುವ ಒಂದು ದಫ್ತರವನ್ನು ಎಲ್ಲರಿಗೂ ತೆರೆದಿಡುವ ಕೆಲಸ ಅಂಥ ಸಂಸ್ಥೆಗೆ ಒಪ್ಪುತ್ತದೆ. ಸಿನಿಮಾದವರು, ಬ್ಯಾಂಡಿನವರು ಅಲ್ಲಿ ನೋಡಿ, ಆ ಊರಿಗೆ ಹೋಗಿ, ಕೇಳಿ, ಕೊಟ್ಟು, ತಗೊಳ್ಳಲಿ.

ಇನ್ನು ನೀವು. ನಿಮ್ಮ ಕೈಯಲ್ಲೂ ಮೊಬೈಲಿದೆ. ನಮ್ಮ ಊರುಗಳಲ್ಲಿ ಮೊಹರಂ ಹೆಜ್ಜೆ ಮೇಳ, ಕರಡಿ ಮಜಲು, ಡೊಳ್ಳು, ಸೋಬಾನೆ ಪದ ಎಲ್ಲ ಇನ್ನೂ ಉಸಿರಾಡುತ್ತಿವೆ. ನೀವು ವಿಡಿಯೋ ಮಾಡಿ ಹತ್ತು ಜನಕ್ಕೆ ಕಳಿಸುತ್ತೀರಿ. ಕಳಿಸುವ ಮುಂಚೆ ಎರಡು ನಿಮಿಷ ನಿಂತು 'ಅಜ್ಜಾ, ನಿನ್ನ ಹೆಸರೇನು? ಯಾರ ಕಡೆ ಕಲಿತಿ?' ಎಂದು ಕೇಳಿ. ಅದನ್ನು ಕೆಳಗೆ ಕನ್ನಡದಲ್ಲಿ ಬರೆಯಿರಿ. ದುಡ್ಡು ಖರ್ಚಿಲ್ಲ, ಹೋರಾಟ ಬೇಡ, ಮೆರವಣಿಗೆ ಬೇಡ.

ಬೆಂಗಳೂರಿನ ರಾಕ್ ಹುಡುಗರಿಗೂ ಹೇಳುತ್ತೇನೆ. ಬರ್ರಿ ತಮ್ಮಾ, ಯಲ್ಲಾಪುರಕ್ಕೂ ಹೋಗಿ, ನಮ್ಮ ರೋಣ ಸೀಮೆಗೂ ಬನ್ನಿ. ಡಮಾಮಿ ತಗೊಳ್ಳಿ, ಡೊಳ್ಳು ತಗೊಳ್ಳಿ, ನಿಮ್ಮ ಗಿಟಾರಿಗೆ ಬೆರೆಸಿ, ಕನ್ನಡದಲ್ಲಿ ಹಾಡಿ. ಯಾರಾದರೂ ತಡೆದರೆ ನಾವು ನಿಮ್ಮ ಪರ ನಿಲ್ಲುತ್ತೇವೆ. ಆದರೆ ಆಲ್ಬಮ್ಮಿನ ಮೇಲೆ ನಿಮ್ಮ ಹೆಸರು ಯಾವ ಅಕ್ಷರದಲ್ಲಿ ಬರುತ್ತದೋ, ಬಾರಿಸಿದವನ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ ಬರಲಿ. ಅದು ಬರದಿದ್ದರೆ ಮಾತ್ರ, ಎಷ್ಟೇ ಚಂದದ ಹಾಡಿರಲಿ, ಅದನ್ನು ಕಳುವಿನ ಮಾಲು ಎಂದೇ ನಾವು ಕರೆಯುತ್ತೇವೆ.